ಎಲೆಕ್ಷನ್ ಮುಗಿದ ಮೇಲೂ ಮನೆಗೆ ಬರದ ಬಂದೂಕು: ಚನ್ನಗಿರಿ ಕಡೆಯ ಒಂದು ಪ್ರಕರಣ

ಇದು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಮನೆಯಲ್ಲಿ ನಡೆದದ್ದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ವಯಸ್ಸು ಮತ್ತು ಸಂಬಂಧದ ಕೆಲವು ವಿವರ ಬದಲಿಸಿದ್ದೇನೆ. ಅಜ್ಜ, ಹಿರಿಮಗ, ಸೊಸೆ, ಕಿರಿಮಗ, ಮೇಷ್ಟ್ರು ಅಂತಷ್ಟೇ ಅವರನ್ನು ಕರೆಯುತ್ತೇನೆ. ನಾನು ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿ.

ಈ ಮನೆಯಲ್ಲಿ ಗುಂಡು ಹಾರಲಿಲ್ಲ, ಯಾರೂ ಸಾಯಲಿಲ್ಲ. ಅದಕ್ಕೇ ಬರೆಯಬೇಕು ಅನ್ನಿಸಿತು. ಸಾವಾದರೆ ಪಂಚನಾಮೆ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ. ಸಾವು ತಪ್ಪಿದ ಮನೆಯಲ್ಲಿ ಯಾರು, ಯಾವಾಗ, ಏನು ನಿರ್ಧಾರ ಮಾಡಿದರು ಅನ್ನುವುದನ್ನು ಯಾರೂ ಬರೆದಿಡುವುದಿಲ್ಲ.

ಹಿನ್ನೆಲೆ

ಬಂದೂಕು ಅಜ್ಜನ ಅಪ್ಪನ ಕಾಲದ್ದು. ಒಂಟಿ ನಳಿಗೆಯ ತೋಟಾ ಬಂದೂಕು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಮೊದಲು ದೇವರ ಮನೆಯ ಪಕ್ಕದ ಗೋಡೆಗೆ ಹೊಡೆದ ಎರಡು ಮರದ ಗೂಟಗಳ ಮೇಲೆ ಇರುತ್ತಿತ್ತು. ಮೊಮ್ಮಕ್ಕಳು ಓಡಾಡಲು ಶುರು ಮಾಡಿದ ಮೇಲೆ ಬೀರುವಿನೊಳಗೆ ಹೋಯಿತು. ನಾನು ಮೊದಲ ಸಲ ಆ ಮನೆಗೆ ಹೋದಾಗ ಗೂಟಗಳು ಖಾಲಿ ಇದ್ದವು, ಆದರೆ ಸುಣ್ಣ ಬಳಿದ ಗೋಡೆಯ ಮೇಲೆ ಬಂದೂಕಿನ ಉದ್ದಕ್ಕೂ ಎಣ್ಣೆಯ ಕಂದು ಗೆರೆ ಹಾಗೇ ಉಳಿದಿತ್ತು. ಆಯುಧಪೂಜೆಯ ದಿನ ಕುಡಗೋಲು, ದೋಟಿ, ಟ್ರ್ಯಾಕ್ಟರಿನ ಜೊತೆ ಇದಕ್ಕೂ ಕುಂಕುಮ, ಚೆಂಡು ಹೂವಿನ ಹಾರ.

ಅದರ ಕೆಲಸ ಏನು ಅಂದರೆ, ಹಂದಿ ಓಡಿಸುವುದು. ತೋಟದ ಕೆಳಗೆ ಮೆಕ್ಕೆಜೋಳದ ಹೊಲ ಇದೆ. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಹಿಂಡು ಬಂದರೆ ಒಂದೇ ರಾತ್ರಿಗೆ ಅರ್ಧ ಎಕರೆ ಮಲಗಿಸಿ ಹೋಗುತ್ತವೆ. ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯುವಂತಿಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ಅಜ್ಜ ಮಾಡುತ್ತಿದ್ದದ್ದು ಆಕಾಶಕ್ಕೆ ಒಂದು ಈಡು ಹಾರಿಸುವುದು, ಅಷ್ಟೇ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಅಡಿಕೆ ತೋಟ ಉಳಿಸಿಕೊಳ್ಳಲು ಜನ ಟ್ಯಾಂಕರ್ ನೀರು ಕೊಂಡು ಹಾಕಿದರು. ಈ ಮನೆಯವರೂ ಹಾಕಿದರು. ಹಿರಿಮಗ ಕೈಸಾಲ ಮಾಡಿ ಬೋರು ಕೊರೆಸಿದ, ನೀರು ಬೀಳಲಿಲ್ಲ. ಇನ್ನೊಂದು ಕೊರೆಸಿದ, ಅದೂ ಬರೀ ಧೂಳು. ಮುಂದಿನ ಫಸಲನ್ನು ಮೊದಲೇ ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟು ಮುಂಗಡ ತಗೊಂಡಿದ್ದ. ಸಾಲದ್ದಕ್ಕೆ ಪಕ್ಕದ ತೋಟದವರ ಜೊತೆ ಬದುವಿನ ಜಗಳ. ಸಂಜೆ ಕುಡಿತ ಜಾಸ್ತಿಯಾಯಿತು.

ಸಮಸ್ಯೆ ಎಲ್ಲಿತ್ತು

ಮನೆಯವರ ಕಣ್ಣೆಲ್ಲ ಆ ಬದುವಿನ ಮೇಲಿತ್ತು. ಕುಡಿದ ಅಮಲಿನಲ್ಲಿ ಹಿರಿಮಗ ಬಂದೂಕು ಹಿಡಿದು ಪಕ್ಕದವರ ಅಂಗಳಕ್ಕೆ ಹೋದರೆ ಏನು ಗತಿ ಅನ್ನುವುದೇ ಸೊಸೆಯ ಚಿಂತೆ. ಅವನು ತನಗೇ ಏನಾದರೂ ಮಾಡಿಕೊಂಡಾನು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಇದು ಈ ಮನೆಯೊಂದರ ಮಾತಲ್ಲ. ಬಂದೂಕಿನ ಸಾವು ಅಂದರೆ ನಮಗೆ ಕೊಲೆ, ದರೋಡೆ, ಡಕಾಯಿತಿಯೇ ಮೊದಲು ನೆನಪಾಗುತ್ತದೆ. ಆದರೆ ಜನರ ಕೈಯಲ್ಲಿ ಜಗತ್ತಿನಲ್ಲೇ ಹೆಚ್ಚು ಬಂದೂಕು ಇರುವ ಅಮೆರಿಕದ ಲೆಕ್ಕ ನೋಡಿ. ಅಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅದರಲ್ಲಿ 26,328 ಆತ್ಮಹತ್ಯೆ, 20,958 ಕೊಲೆ. ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಕೈಯಿಂದಲೇ ಹೋದವರು. ನಮ್ಮ ದೇಶದ ಸ್ಥಿತಿ ಬೇರೆ, ಅದನ್ನೂ ಹೇಳಬೇಕು. ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಮೆರಿಕದಲ್ಲಿ 100 ಜನಕ್ಕೆ 120ಕ್ಕೂ ಜಾಸ್ತಿ ಬಂದೂಕು. ಭಾರತದಲ್ಲಿ 5ರ ಆಸುಪಾಸು, ಅದರಲ್ಲೂ ಬಹುಪಾಲು ಲೈಸೆನ್ಸ್ ಇಲ್ಲದವು. ನಮ್ಮಲ್ಲಿ ಬಂದೂಕಿನಿಂದ ಆಗುವ ಆತ್ಮಹತ್ಯೆ ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣ ಪಾಲು. ಆದರೆ ಬೀರುವಿನಲ್ಲಿ ಬಂದೂಕು ಇರುವ ಮನೆಗೆ ದೇಶದ ಸರಾಸರಿ ಕಟ್ಟಿಕೊಂಡು ಏನಾಗಬೇಕು? ಆ ಮನೆಯ ಅಪಾಯ ಆ ಮನೆಯದೇ.

ಇನ್ನೊಂದು ತಿರುವು ಕಾಗದಪತ್ರದಿಂದ ಬಂತು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಜ್ಜನಿಗೆ 70 ದಾಟಿತ್ತು. ಕಣ್ಣೂ ಮಂಜು. ಸರಿ, ಹಿರಿಮಗನ ಹೆಸರಿಗೆ ಮಾಡಿಸೋಣ ಅಂತ 2024ರ ಶುರುವಿನಲ್ಲಿ ಅರ್ಜಿಗೆ ಓಡಾಟ ಶುರುವಾಯಿತು. ಮಗನ ಮನಸ್ಸು ಕುಸಿಯುತ್ತಿದ್ದ ಹೊತ್ತಿನಲ್ಲೇ ಮನೆಯ ಹಿರಿಯರು ಬಂದೂಕನ್ನು ಅವನ ಕೈಗೆ ದಾಟಿಸಲು ತಯಾರಿ ಮಾಡುತ್ತಿದ್ದರು. ಯಾರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಹಿರಿಮಗನಿಗೆ ಹೋಗಬೇಕಾದದ್ದು ಹಿರಿಮಗನಿಗೆ ಹೋಗಲಿ ಅನ್ನುವ ಪ್ರೀತಿಯೇ ಅದು.

ಮೊದಲು ಮಾಡಿದ ಪ್ರಯತ್ನಗಳು

ಸೊಸೆ ಮೊದಲು ತೋಟಾಗಳನ್ನು ಬೇರೆ ಇಟ್ಟಳು. ಅಕ್ಕಿ ಡಬ್ಬಿಯ ಹಿಂದೆ ಒಂದು ಬಿಸ್ಕತ್ ಡಬ್ಬಿಯಲ್ಲಿ. ತೋಟಾ ಒಂದು ಕಡೆ, ಬಂದೂಕು ಒಂದು ಕಡೆ ಇರಬೇಕು ಅನ್ನುವುದು ಸರಿಯಾದ ಕ್ರಮವೇ. ಆದರೆ ಒಂದೇ ಸೂರಿನ ಕೆಳಗೆ ಎಷ್ಟು ದಿನ ಗುಟ್ಟು ಉಳಿಯುತ್ತದೆ? ಗಂಡನೇ ಒಂದು ದಿನ "ಡಬ್ಬಿ ಯಾಕೆ ಅಲ್ಲಿಟ್ಟಿದೀಯಾ, ಇಲಿ ಕಡಿತಾವೆ" ಅಂದನಂತೆ.

ಆಮೇಲೆ ಬೀರುವಿನ ಕೀಲಿ ಅಜ್ಜನ ಉಡಿದಾರಕ್ಕೆ ಹೋಯಿತು. ಅಜ್ಜ ಮಧ್ಯಾಹ್ನ ಉಂಡು ಮಲಗಿದರೆ ಗುಡುಗು ಬಂದರೂ ಏಳುವವರಲ್ಲ.

ಕೊನೆಗೆ ಸೊಸೆ ತವರಿನ ಅಣ್ಣನನ್ನು ಕರೆಸಿ, ಬಂದೂಕನ್ನು ಕಂಬಳಿಯಲ್ಲಿ ಸುತ್ತಿ ಅವನ ಮನೆಗೆ ಕಳಿಸುವ ಯೋಚನೆ ಮಾಡಿದಳು. ಅದು ನಡೆಯಲಿಲ್ಲ, ಒಳ್ಳೆಯದೇ ಆಯಿತು. 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದವರು ಬೇರೆಯವರ ಬಂದೂಕು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ತಂಗಿಗೆ ಸಹಾಯ ಮಾಡಲು ಹೋಗಿ ಅಣ್ಣ ಕೇಸಿನಲ್ಲಿ ಸಿಕ್ಕಿಬೀಳುತ್ತಿದ್ದ, ಅಜ್ಜನ ಲೈಸೆನ್ಸಿಗೂ ಕುತ್ತು ಬರುತ್ತಿತ್ತು. ಗಾಬರಿಯಲ್ಲಿ ಬಂದೂಕನ್ನು ನೆಂಟರ ಮನೆಗೆ ಸಾಗಿಸುವ ಯೋಚನೆ ಎಷ್ಟೋ ಮನೆಗಳಲ್ಲಿ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಾನೂನಿನ ಒಳಗೇ ದಾರಿ ಇದೆ.

ಎಲೆಕ್ಷನ್ ತಂದ ಬಿಡುವು

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಯಾಯಿತು. ಚುನಾವಣೆ ಬಂದರೆ ಬಂದೂಕು ಠಾಣೆಗೆ, ಇದು ಹಳ್ಳಿಯವರಿಗೆಲ್ಲ ಗೊತ್ತಿರುವ ಪದ್ಧತಿ. ಅಜ್ಜ ಎಂದಿನಂತೆ ಹೋಗಿ ಡಿಪಾಜಿಟ್ ಮಾಡಿ ರಸೀದಿ ತಂದರು. ಯಾರೂ ವಾದ ಮಾಡಲಿಲ್ಲ, ಮಾನದ ಪ್ರಶ್ನೆ ಬರಲಿಲ್ಲ. ಎಲ್ಲರೂ ಕೊಡುತ್ತಾರೆ, ನಾವೂ ಕೊಟ್ಟೆವು, ಅಷ್ಟೇ.

ಸೊಸೆ ನನಗೆ ಆಮೇಲೆ ಹೇಳಿದ್ದು: "ಅದು ಮನೇಲಿಲ್ಲ ಅಂದ್ಮೇಲೆ ಒಂದಿಷ್ಟು ನಿದ್ದೆ ಹತ್ತಿತು ಮೇಡಂ. ಎಲೆಕ್ಷನ್ನು ಹಿಂಗೇ ನಡೀತಾ ಇರ್ಲಪ್ಪಾ ಅನ್ನಿಸೋದು."

ಏಪ್ರಿಲ್‌ನಲ್ಲಿ ಹಿರಿಮಗ ಲೈಸೆನ್ಸ್ ಅರ್ಜಿಗೆ ಬೇಕಾದ ವೈದ್ಯಕೀಯ ಸರ್ಟಿಫಿಕೇಟಿಗೆ ಹೋದ. ಅರ್ಜಿದಾರರ ದೈಹಿಕ, ಮಾನಸಿಕ ಆರೋಗ್ಯ ಸರಿಯಿದೆ, ಅಮಲು ಪದಾರ್ಥದ ಚಟ ಇಲ್ಲ ಅಂತ ವೈದ್ಯರು ಬರೆದುಕೊಡಬೇಕು. ಬಿಪಿ ನೋಡಿ, ಕಣ್ಣು ನೋಡಿ ಸಹಿ ಹಾಕಿ ಕಳಿಸಬಹುದಿತ್ತು. ಆ ವೈದ್ಯರು ಕುರ್ಚಿ ತೋರಿಸಿ ಕೂರಿಸಿ, "ನಿದ್ದೆ ಹೇಗಿದೆ?" ಅಂತ ಕೇಳಿದರು. "ಮೂರು ಗಂಟೆಗೆ ಎಚ್ಚರ ಆಗುತ್ತೆ ಸರ್. ಆಮೇಲೆ ಸುಮ್ನೆ ಕೂತಿರ್ತೀನಿ." ಊಟ? ಸೇರುವುದಿಲ್ಲ. ಕುಡಿತ? ತಲೆ ತಗ್ಗಿಸಿದ. ವೈದ್ಯರು ಸಹಿ ಹಾಕಲಿಲ್ಲ. ಆಗಲ್ಲ ಅಂತಲೂ ಅನ್ನಲಿಲ್ಲ. "ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಾ, ಮನೋಚೈತನ್ಯ ಕ್ಲಿನಿಕ್ ಇರುತ್ತೆ. ಅಲ್ಲಿ ತೋರಿಸ್ಕೋ, ಆಮೇಲೆ ಇದರ ಮಾತು" ಅಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಆಗಲ್ಲ ಅಂದಿದ್ದರೆ ಅವನು ಅವಮಾನ ಅಂದುಕೊಂಡು ಬೇರೆ ಕಡೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಹಾಕಿಕೊಟ್ಟಿದ್ದರೆ ಅವನ ಕಷ್ಟ ಯಾರಿಗೂ ಕಾಣುತ್ತಿರಲಿಲ್ಲ.

ನಾನಿರುವ ಆ ಕ್ಲಿನಿಕ್ಕಿಗೆ ಮಂಗಳವಾರ ಬಂದ. ಸಾಲದ ಮಾತು, ಬೋರಿನ ಮಾತು ಎಲ್ಲ ಆದ ಮೇಲೆ ನೇರವಾಗಿ ಕೇಳಿದೆ: "ಬದುಕೋದೇ ಬೇಡ ಅನ್ಸುತ್ತಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಜನ ಹೆದರುತ್ತಾರೆ. ಹಾಗೆ ಹುಟ್ಟುವುದಿಲ್ಲ. ಬಹಳ ಸಲ ಒಳಗೆ ತುಂಬಿಕೊಂಡವರಿಗೆ ಉಸಿರು ಬಿಟ್ಟಂತಾಗುತ್ತದೆ. ಹೌದು ಅಂದ. ಬದುವಿನ ಜಗಳದ ವಿಷಯ ಕೇಳಿದರೆ, "ಅವರ ಮೇಲೆ ನಂಗೇನು ಸಿಟ್ಟಿಲ್ಲ ಮೇಡಂ, ನನ್ ಮೇಲೇ ನಂಗೆ" ಅಂದ.

ಮನೆಯಲ್ಲಿ ಬಂದೂಕು ಇದೆಯಾ ಅಂತ ಕೇಳಿದೆ. "ಈಗ ಸ್ಟೇಷನ್ನಲ್ಲಿ ಐತೆ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲೇ ಇದ್ರೆ ಒಳ್ಳೇದು" ಅಂದ.

ಜೂನ್: ತರಬೇಕೋ ಬೇಡವೋ

ಔಷಧಿ ಶುರುವಾಯಿತು, ಕುಡಿತಕ್ಕೆ ಬೇರೆ ಚಿಕಿತ್ಸೆ. ಆದರೆ ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಜೂನ್ 4ಕ್ಕೆ ಫಲಿತಾಂಶ, 6ಕ್ಕೆ ನೀತಿ ಸಂಹಿತೆ ಮುಗಿಯಿತು. ಠಾಣೆಯಿಂದ ಫೋನ್ ಬಂತು: ಬಂದು ತಗೊಂಡು ಹೋಗಿ.

ಇಲ್ಲಿ ನನಗೆ ಕಂಡದ್ದು ಇದು. ಮನೆಯಲ್ಲಿರುವ ಬಂದೂಕನ್ನು ಹೊರಗೆ ಕಳಿಸುವುದು ದೊಡ್ಡ ಜಗಳ. ಹೊರಗಿರುವ ಬಂದೂಕನ್ನು ಸದ್ಯಕ್ಕೆ ತರದೇ ಇರುವುದು ಅಷ್ಟು ಕಷ್ಟವಲ್ಲ. ಆ ಕೆಲವು ದಿನಗಳ ಸಂದಿ ಬಿಟ್ಟರೆ ಮತ್ತೆ ಸಿಗುತ್ತಿರಲಿಲ್ಲ.

ಸುಮ್ಮನೆ ಊಹೆಯ ಮೇಲೆ ನಾನು ಹಟ ಹಿಡಿದಿರಲಿಲ್ಲ. ಇಸ್ರೇಲ್ ಸೇನೆ 2006ರಲ್ಲಿ ಯುವ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ರೈಫಲ್ಲನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಅಂತ ನಿಯಮ ಮಾಡಿತು. ಅವರಲ್ಲಿ ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಕ್ಯಾಲಿಫೋರ್ನಿಯಾದಲ್ಲಿ 2 ಕೋಟಿ 60 ಲಕ್ಷ ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಸ್ತೂಲು ಇಟ್ಟುಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು 8 ಪಟ್ಟು, ಹೆಂಗಸರಲ್ಲಿ 35 ಪಟ್ಟು. ಬೇರೆ ವಿಧಾನದ ಆತ್ಮಹತ್ಯೆ ಮಾತ್ರ ಅವರಲ್ಲಿ ಜಾಸ್ತಿ ಇರಲಿಲ್ಲ. ಅಂದರೆ ಬಂದೂಕು ಇಟ್ಟುಕೊಂಡವರ ಮನಸ್ಸೇ ಬೇರೆ ಅಂತ ಹೇಳಿ ಜಾರಿಕೊಳ್ಳುವಂತಿಲ್ಲ. ಕೆಟ್ಟ ಗಳಿಗೆ ಎಲ್ಲರಿಗೂ ಬರುತ್ತದೆ, ಬಂದರೆ ದಾಟುತ್ತದೆ. ಬಂದೂಕು ಕೈಗೆ ಸಿಕ್ಕರೆ ದಾಟಲು ಸಮಯ ಉಳಿಯುವುದಿಲ್ಲ.

ಹಾಗಾದರೆ ಕೀಟನಾಶಕ? ನಮ್ಮ ಕಡೆ ಆ ಪ್ರಶ್ನೆ ಇನ್ನೂ ದೊಡ್ಡದು, ಅಲ್ವಾ? ಶ್ರೀಲಂಕಾ ತೀವ್ರ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಶೇಕಡಾ ಕಡಿಮೆಯಾಯಿತು. ಹಾಗಾಗಿ ಬಂದೂಕಿನ ಜೊತೆಗೇ ತೋಟದ ಮನೆಯ ಔಷಧಿ ಡಬ್ಬಗಳನ್ನೂ ತೆಗೆಸಿದೆವು. ಸಿಂಪಡಿಸುವ ದಿನ ಬೇಕಾದಷ್ಟೇ ತರುವುದು, ಉಳಿದದ್ದನ್ನು ಮನೆಯಲ್ಲಿ ಇಡದಿರುವುದು ಅಂತ ಕಿರಿಮಗ ಜವಾಬ್ದಾರಿ ತಗೊಂಡ.

ಅಜ್ಜನನ್ನು ಒಪ್ಪಿಸುವುದೇ ಕಠಿಣವಾಗಿತ್ತು. ಹಿರಿಮಗ ಹೆಂಡತಿಗೆ, ತಮ್ಮನಿಗೆ ಹೇಳಲು ಒಪ್ಪಿದ್ದ. "ಅಪ್ಪಾಜಿಗೆ ಮಾತ್ರ ಬೇಡ" ಅಂದಿದ್ದ. ಅವನ ಮಾತು ಮೀರುವಂತಿಲ್ಲ. ಅಜ್ಜನಿಗೆ ಸುಳ್ಳು ಹೇಳುವುದೂ ಸರಿಯಲ್ಲ. ಸೊಸೆ ಹೇಳಿದರೆ ಮಾವ ಕೇಳುವವರಲ್ಲ, ಮನೆ ಹೊರಗಿನ ನಾನು ಹೇಳಿದರಂತೂ ಮುಗಿದೇ ಹೋಯಿತು. ಕೊನೆಗೆ ಹಿರಿಮಗನ ಒಪ್ಪಿಗೆಯ ಮೇಲೆ, ಅಜ್ಜನ ಓರಗೆಯ, ನಿವೃತ್ತ ಮೇಷ್ಟ್ರನ್ನು ಕೇಳಿಕೊಂಡೆವು.

ಜಗಲಿ ಮೇಲೆ ಕೂತು ಮೇಷ್ಟ್ರು ಮಾತು ತೆಗೆದರು. "ಯಜಮಾನ್ರೇ, ಮನೇಲಿ ಸಾಲದ ಬಿಸಿ ಐತೆ. ಬದು ಜಗಳ ಐತೆ. ಹುಡುಗ ಕುಡಿಯೋದು ನಿಮಗೂ ಗೊತ್ತು. ಇಂಥ ಹೊತ್ತಲ್ಲಿ ಅದು ಮನೇಲಿ ಬೇಡ."

ಅಜ್ಜ ಸಿಡಿದರು. "ಹಲಗಲಿ ಬೇಡ್ರು ಬ್ರಿಟಿಷರಿಗೇ ಆಯುಧ ಒಪ್ಪಿಸ್ಲಿಲ್ಲ. ನಾನ್ಯಾರಿಗೆ ಹೆದರಿ ಬಿಟ್ಟುಕೊಡ್ಲಿ? ಹಂದಿ ಬಂದ್ರೆ ಚಪ್ಪಾಳೆ ತಟ್ಟಿ ಓಡಿಸ್ಲಾ?"

1857ರಲ್ಲಿ ಬಂದ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಎದ್ದ ಹಲಗಲಿ ಬೇಡರ ಕಥೆ ಈ ಸೀಮೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆ ಅಭಿಮಾನವನ್ನು ಮೇಷ್ಟ್ರು ತಳ್ಳಿಹಾಕಲಿಲ್ಲ. "ಯಾರಿಗೂ ಒಪ್ಪಿಸೋದು ಬೇಡ. ಲೈಸೆನ್ಸ್ ನಿಮ್ಮ ಹೆಸರಲ್ಲೇ ಇರ್ಲಿ, ಬಂದೂಕೂ ನಿಮ್ಮದೇ. ಇಡೋ ಜಾಗ ಮಾತ್ರ ಬೇರೆ" ಅಂದರು. ಲೈಸೆನ್ಸ್ ಇರುವ ಬಂದೂಕು ಅಂಗಡಿಗಳಲ್ಲಿ ಬಾಡಿಗೆ ಕೊಟ್ಟು ಸುರಕ್ಷಿತವಾಗಿ ಇಡಿಸಬಹುದು, ರಸೀದಿ ಕೊಡುತ್ತಾರೆ ಅಂತ ವಕೀಲರನ್ನು ಕೇಳಿ ಮೊದಲೇ ತಿಳಿದುಕೊಂಡಿದ್ದೆವು.

ಹಂದಿಯ ಪ್ರಶ್ನೆಗೆ ಉತ್ತರ ಕೊಡದೇ ಇದು ಬಗೆಹರಿಯುತ್ತಿರಲಿಲ್ಲ. ಅಜ್ಜ ಕೇಳಿದ್ದು ಹಟದ ಮಾತಲ್ಲ, ಬೆಳೆ ಕಳೆದುಕೊಂಡವರ ಮಾತು. ಕಿರಿಮಗ ಜೋಳದ ಹೊಲದ ಸುತ್ತ ಸೋಲಾರ್ ಬೇಲಿ ಹಾಕಿಸುತ್ತೇನೆ ಅಂದ, ಅಲ್ಲಿಯವರೆಗೆ ಹಳೇ ಸೀರೆ ಕಟ್ಟಿದರು. ಇದಾದ ಮೇಲೆಯೇ ಅಜ್ಜ ಸ್ವಲ್ಪ ಮೆತ್ತಗಾದದ್ದು.

ಅಜ್ಜನೇ ಠಾಣೆಗೆ ಹೋಗಿ, ತಮ್ಮ ಕೈಯಾರೆ ಬಂದೂಕು ಬಿಡಿಸಿಕೊಂಡು, ಮೇಷ್ಟ್ರ ಜೊತೆ ನೇರ ಅಂಗಡಿಗೆ ಹೋಗಿ ಒಪ್ಪಿಸಿದರು. ಲೈಸೆನ್ಸ್ ಅವರ ಹೆಸರಲ್ಲಿದ್ದ ಕಾರಣ ಅವರೇ ಹೋಗಬೇಕಿತ್ತು. ಅದು ಅವರ ಮರ್ಯಾದೆಗೂ ಒದಗಿತು. ದಾರಿಯಲ್ಲಿ ಮನೆಗೆ ಹಾಯದಂತೆ ಮೇಷ್ಟ್ರು ನೋಡಿಕೊಂಡರು. ತೋಟಾಗಳನ್ನೂ ಅಲ್ಲೇ ಕೊಟ್ಟರು.

ಆಮೇಲೆ

ಆ ವರ್ಷದ ಮಳೆಗಾಲ ಚೆನ್ನಾಗಿಯೇ ಆಯಿತು. ತೋಟ ಹಸಿರಾಯಿತು. ಸಾಲ ಮಾತ್ರ ಮಳೆಗೆ ಕರಗುವುದಿಲ್ಲ. ಚೇಣಿಯವರು ಲೆಕ್ಕ ಕೇಳಲು ಬಂದ ದಿನ ಹಿರಿಮಗ ಬಹಳ ಕುಡಿದ. ಆ ರಾತ್ರಿಯ ಬಗ್ಗೆ ಅವನೇ ಕ್ಲಿನಿಕ್ಕಿನಲ್ಲಿ ಹೇಳಿದ. ಎದ್ದು ಬೀರುವಿನ ಹತ್ತಿರ ಹೋದನಂತೆ. ಅಲ್ಲಿಲ್ಲ ಅಂತ ಗೊತ್ತಿದ್ದೂ ಹೋದೆ ಅಂದ. ಬಾಗಿಲು ತೆಗೆದ ಸದ್ದಿಗೆ ಹೆಂಡತಿ ಎದ್ದಳು. ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ಅನ್ನು ನಾವು ಮೊದಲೇ ಅಡುಗೆ ಮನೆಯ ಕ್ಯಾಲೆಂಡರಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆಸಿದ್ದೆವು. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳು ಫೋನ್ ಹಚ್ಚಿ ಗಂಡನ ಕೈಗೆ ಕೊಟ್ಟಳು. ಬೆಳಗಿನವರೆಗೆ ಕೂತರು. ಮಾರನೇ ದಿನ ಕಿರಿಮಗ ಬಂದು ಆಸ್ಪತ್ರೆಗೆ ಕರೆದುಕೊಂಡು ಬಂದ.

ಬಂದೂಕು ಬೀರುವಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಅವನನ್ನು ಕೇಳಲಿಲ್ಲ. ಅವನೇ ಹೇಳಿದ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅದಾಗಿ ಕೆಲವು ವಾರಕ್ಕೆ ಅವನೇ ಅಪ್ಪನ ಮುಂದೆ ಕೂತು ಎಲ್ಲ ಹೇಳಿದ. ಅಜ್ಜ ಅಂದು ಊಟ ಮಾಡಲಿಲ್ಲವಂತೆ. ಮಗನ ಮೇಲೆ ಸಿಟ್ಟಾಗಲೂ ಇಲ್ಲ. ಮರುದಿನ ಮೇಷ್ಟ್ರ ಮನೆಗೆ ಹೋಗಿ, "ನಿಂಗೆ ಗೊತ್ತಿತ್ತಾ?" ಅಂತ ಕೇಳಿದರು. ಮೇಷ್ಟ್ರು ಹೌದು ಅಂದರು. ಅಕ್ಟೋಬರ್‌ನ ಆಯುಧಪೂಜೆಗೆ ಅಂಗಡಿಯಿಂದ ಬಂದೂಕು ತರುವ ಮಾತು ಎದ್ದಾಗ ಬೇಡ ಅಂದವರು ಅಜ್ಜನೇ. ಲೈಸೆನ್ಸ್ ಪುಸ್ತಕಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದರು.

ಎಲ್ಲವೂ ಸರಿಹೋಗಿದೆ ಅಂತಲ್ಲ. ಕೈಸಾಲ ಇನ್ನೂ ತೀರಿಲ್ಲ. ಬದುವಿಗೆ ಸರ್ವೇಯರ್ ಬಂದು ಕಲ್ಲು ನೆಟ್ಟರೂ ಮಾತುಕತೆ ನಿಂತೇ ಇದೆ. ಕುಡಿತ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟಿದ್ದಾನೆ. ಸೋಲಾರ್ ಬೇಲಿ ಒಂದು ಕಡೆ ಕೆಟ್ಟು ಹಂದಿ ನುಗ್ಗಿದಾಗ ಅಜ್ಜ ಇಡೀ ದಿನ ಗೊಣಗಿದರು. ಹಿರಿಮಗ ತನ್ನ ಹೆಸರಿಗೆ ಲೈಸೆನ್ಸ್ ಬೇಡ ಅಂತ ಅರ್ಜಿ ಕೈಬಿಟ್ಟ. ಕಿರಿಮಗನಿಗೂ ಬೇಡ. 2019ರ ತಿದ್ದುಪಡಿಯಿಂದ ಲೈಸೆನ್ಸ್ ಅವಧಿ ಐದು ವರ್ಷ. ಅಜ್ಜನದು ಮುಗಿಯುವಾಗ ರಿನ್ಯೂ ಮಾಡಿಸುವುದೋ, ಬಂದೂಕನ್ನು ಮಾರುವುದೋ ಅಂತ ಮನೆಯಲ್ಲಿ ಈಗ ಬಾಯಿಬಿಟ್ಟೇ ಮಾತಾಡುತ್ತಾರೆ.

ನಮ್ಮ ಕ್ಲಿನಿಕ್ಕಿನಲ್ಲಿ ಒಂದು ಬದಲಾವಣೆ ಆಗಿದೆ. ಮೊದಲ ದಿನದ ಪ್ರಶ್ನೆಗಳಲ್ಲಿ ಮನೆಯಲ್ಲಿ ಬಂದೂಕು ಇದೆಯಾ, ಕೀಟನಾಶಕ ಎಲ್ಲಿಡುತ್ತೀರಿ ಅನ್ನುವುದನ್ನು ಸೇರಿಸಿದ್ದೇವೆ. ಕೇಸು ಹಾಕುವವರ ಹಾಗೆ ಕೇಳಬಾರದು. "ಹಂದಿ ಕಾಟ ಇದೆಯಾ? ಏನು ಮಾಡ್ತೀರಿ?" ಅಂತ ಶುರು ಮಾಡಿದರೆ ತಾವಾಗಿಯೇ ಹೇಳುತ್ತಾರೆ. ಲೈಸೆನ್ಸ್ ಇಲ್ಲದ ನಾಡ ಬಂದೂಕಿನ ಮಾತು ಬಂದರೆ ಅಂಥವರನ್ನು ಮೊದಲು ವಕೀಲರ ಹತ್ತಿರ ಕಳಿಸುತ್ತೇವೆ. ಮುಂದಿನ ಚುನಾವಣೆ ಮುಗಿಯುವ ಹೊತ್ತಿಗೆ, ನಮ್ಮಲ್ಲಿ ಚಿಕಿತ್ಸೆ ತಗೊಳ್ಳುತ್ತಿರುವ ಇಂಥ ಮನೆಗಳಿಗೆ ಠಾಣೆಯ ಫೋನಿಗಿಂತ ಮೊದಲು ನಮ್ಮ ಫೋನ್ ಹೋಗಬೇಕು ಅಂತ ಈಗಲೇ ಪಟ್ಟಿ ಮಾಡಿಟ್ಟುಕೊಂಡಿದ್ದೇವೆ.